ಜೆ ಭಾಷೆಯಲ್ಲಿ ಒಂದೇ ಒಂದು ಮನೆ ಬದಲಿಸಿದ್ದು

ಮಲ್ಪೆಯ ಮೀನಿನ ದರಗಳನ್ನು ಜೆ (J) ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಟೇಬಲ್ ಮಾಡಿಟ್ಟುಕೊಂಡಿದ್ದೇನೆ. ಮೂರು ಸಾಲು: ಬಂಗುಡೆ, ಬೂತಾಯಿ, ಅಂಜಲ್. ನಾಲ್ಕು ಕಾಲಂ, ನಾಲ್ಕು ದಿನಕ್ಕೆ. ಅಂಜಲ್‌ನ ಎರಡನೇ ದಿನದ ದರ ಮಾತ್ರ 850 ಆಗಬೇಕಿತ್ತು. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಆ ಮನೆಯ (ಟೇಬಲ್‌ನ ಚೌಕದ) ವಿಳಾಸ 2 1, ಅಂದರೆ ಸಾಲು 2, ಕಾಲಂ 1.

ಬದಲಿಸುವ ಕೆಲಸ ಮುಚ್ಚುವ ಪುಷ್ಪಾವರಣದ್ದು, ಅಂದರೆ } ಚಿಹ್ನೆಯದ್ದು. 850 (2 1)} ಅಂತ ಬರೆದು ಮುಂದೆ ಟೇಬಲ್ ಹೆಸರು ಕೊಟ್ಟೆ. ಅಂಜಲ್ ಸಾಲಿಡೀ 850, ಬೂತಾಯಿ ಸಾಲೂ ಇಡೀ 850! ಬೂತಾಯಿಗೆ ಆ ರೇಟು ಕೊಟ್ಟು ಯಾರು ತಗೊಳ್ತಾರೆ?

ವಿಷಯ ಇಷ್ಟೇ. ಬರೀ 2 1 ಅಂದರೆ ಜೆಗೆ ಎರಡು ಸಾಲುಗಳು. ಎರಡೂ ಸೇರಿ ಒಂದೇ ವಿಳಾಸ ಅಂತ ತಿಳಿಯಬೇಕಾದರೆ < ಹಾಕಿ ಬಾಕ್ಸ್ ಮಾಡಬೇಕು, ಅಂದರೆ ಒಂದೇ ಡಬ್ಬಿಯಲ್ಲಿ ಹಾಕಿ ಕೊಡಬೇಕು:

850 (<2 1)}

ಈಗ ಒಂದೇ ಮನೆ ಬದಲಾಯಿತು. ಎರಡು ಮನೆ ಬೇಕಿದ್ದರೆ ನಡುವೆ ಅರ್ಧವಿರಾಮ: 850 140 (2 1;0 3)}. ಇದು ನನಗೆ ತುಂಬಾ ಹಿಡಿಸಿತು, ಲೂಪ್ ಗೀಪ್ ಏನೂ ಬೇಡ ಅಲ್ವಾ.

ಆದರೆ ಹಳೇ ಟೇಬಲ್ ಹಾಗೇ ಇರುತ್ತದೆ, ಸಿಗುವುದು ಹೊಸ ಪ್ರತಿ. ಉಳಿಸಲು =: ಹಾಕಿ ಅದೇ ಹೆಸರಿಗೆ ಮತ್ತೆ ಕೊಡಬೇಕು. ಇನ್ನು ಮೀನಿನ ಹೆಸರು, ದರ ಎಲ್ಲ ಸೇರಿಸಿದ, ಪ್ರತಿ ಮನೆಯೂ ಬಾಕ್ಸ್ ಆಗಿರುವ ಟೇಬಲ್ ಆದರೆ ಹೊಸ ಬೆಲೆಯನ್ನೂ ಬಾಕ್ಸ್ ಮಾಡಿ: (<850) (<2 1)}. ಸುಮ್ನೆ 850 ಕೊಟ್ಟರೆ ಎರರ್ ಬರುತ್ತದೆ.