ಚಿಕ್ಕಪ್ಪನನ್ನು 48 ಮಿಲಿಮೀಟರಿಗೆ ಇಳಿಸಿದ್ದು

ಜಪಾನಿನ ತಮಿಯಾ ಕಂಪನಿಯ 1/35 ಅಳತೆಯ ವಿಲ್ಲಿಸ್ ಜೀಪ್ ಮಾದರಿಯ ಕಿಟ್ ಜೋಡಿಸಿ, ಮಲೆನಾಡಿನ ತೋಟದ ಜೀಪಿನ ಹಾಗೆ ಕೆಸರು ಮೆತ್ತಿದ್ದೆ. ಆದರೆ ಕಿಟ್ ಜೊತೆ ಬಂದ ಡ್ರೈವರ್ ಅಮೆರಿಕದ ಸೈನಿಕ. ನನಗೆ ಬೇಕಿದ್ದದ್ದು ಲುಂಗಿ ಎತ್ತಿ ಕಟ್ಟಿ, ಬಂಪರ್ ಮೇಲೆ ಒಂದು ಕಾಲಿಟ್ಟು ನಿಂತ ನಮ್ಮ ಚಿಕ್ಕಪ್ಪ. ಅಂಥ ಬೊಂಬೆ ಎಲ್ಲಿ ಸಿಗುತ್ತದೆ? ಅವರನ್ನೇ ಸ್ಕ್ಯಾನ್ ಮಾಡಿದೆ.

ಮಷೀನ್ ಏನೂ ಇಲ್ಲ, ಫೋನೇ. ಬಿಸಿಲಿದ್ದರೆ ನೆರಳಿನ ಕಾಟ ಜಾಸ್ತಿ, ಹಾಗಾಗಿ ಮೋಡದ ದಿನ ಮನೆಯ ಹಳೇ ಜೀಪಿನ ಮುಂದೆ ನಿಲ್ಲಿಸಿದೆ. ಮಂಡಿ, ಎದೆ, ತಲೆ, ಹೀಗೆ ಮೂರು ಎತ್ತರದಲ್ಲಿ ಸುತ್ತಿ ಸುಮಾರು 140 ಫೋಟೋ ತೆಗೆದೆ. ಫೋಟೋದಿಂದ ಆಕಾರ ಬರುತ್ತದೆ, ಅಳತೆ ಬರಲ್ಲ. ಅದಕ್ಕೆ ಪಕ್ಕದಲ್ಲಿ ಒಂದು ಮೀಟರ್ ಪಟ್ಟಿ ಇಟ್ಟೆ. "ಅಲ್ಲಾಡಬೇಡಿ ಚಿಕ್ಕಪ್ಪ" ಅಂತ ಹೇಳುವಷ್ಟರಲ್ಲಿ ನಾಯಿ ಬೊಗಳಿತು, ಅವರು ತಿರುಗಿ ಗದರಿದರು. ಫೋಟೋಗಳಿಂದ 3ಡಿ ಆಕಾರ ಕಟ್ಟುವ ಮೆಶ್‌ರೂಮ್ ಎಂಬ ಸಾಫ್ಟ್‌ವೇರ್ ರಾತ್ರಿಯೆಲ್ಲ ಲೆಕ್ಕ ಹಾಕಿ ಬೆಳಿಗ್ಗೆ ಎರಡು ಮೂಗಿನ ಚಿಕ್ಕಪ್ಪನನ್ನು ಕೊಟ್ಟಿತು.

ಎರಡನೇ ಸಲ ಸರಿಹೋಯಿತು. ಚೌಕುಳಿ ಲುಂಗಿ ಚೆನ್ನಾಗಿ ಬಂತು, ಯಾಕೆಂದರೆ ಫೋಟೋಗಳನ್ನು ಹೊಂದಿಸಲು ಸಾಫ್ಟ್‌ವೇರಿಗೆ ಗುರುತುಗಳು ಬೇಕು. ಬಿಳಿ ಬನಿಯನ್ನಿನ ಜಾಗ ಮಾತ್ರ ಗುಳಿ ಬಿದ್ದಿತ್ತು. ಹೊಳೆಯುವ ಜೀಪಂತೂ ಚಿಂದಿ, ಅಳಿಸಿಹಾಕಿದೆ.

ಸ್ಕ್ಯಾನನ್ನು ಇದ್ದ ಹಾಗೇ 3ಡಿ ಪ್ರಿಂಟ್ ಮಾಡಿದ್ದು ನನ್ನ ದೊಡ್ಡ ತಪ್ಪು. 168 ಸೆಂಟಿಮೀಟರಿನ ಮನುಷ್ಯ 35ನೇ ಒಂದು ಪಾಲಿಗೆ ಇಳಿದರೆ 48 ಮಿ.ಮೀ. ಎರಡು ಮಿ.ಮೀ. ದಪ್ಪದ ಕಣ್ಣಿನ ರೆಪ್ಪೆಯ ಅಂಚು 0.06 ಮಿ.ಮೀ. ಆಗುತ್ತದೆ. ದ್ರವ ರೆಸಿನ್ನನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡುವ ನನ್ನ ಪ್ರಿಂಟರಿನ ಒಂದು ಪಿಕ್ಸೆಲ್ಲೇ (ಅದು ಮೂಡಿಸಬಲ್ಲ ಅತಿ ಸಣ್ಣ ಚುಕ್ಕೆ) 0.05! ಕೈಗೆ ಬಂದದ್ದು ಸವೆದ ಸೋಪಿನ ತುಂಡು. ನಿಲುವು ಚಿಕ್ಕಪ್ಪನದೇ, ಮುಖ ಯಾರದೂ ಅಲ್ಲ.

ಆಮೇಲೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಕೂತೆ. ಸ್ಕ್ಯಾನನ್ನು ರೀಮೆಶ್ ಮಾಡಿ (ಮೇಲ್ಮೈಯ ಬಲೆಯನ್ನು ಹೊಸದಾಗಿ ಹೆಣೆದು) ತೂತು ಮುಚ್ಚಿ, ಅದರ ಮೇಲೆ ಕೆತ್ತಿದೆ. ಇಲ್ಲಿ ಸುಳ್ಳು ಹೇಳಲೇಬೇಕು. ಲುಂಗಿಯ ಮಡಿಕೆ ಎರಡರಷ್ಟು ಆಳ. ಲುಂಗಿಯ ಅಂಚು ನಿಜವಾದ ಲೆಕ್ಕದಲ್ಲಿ ಕಾಗದಕ್ಕಿಂತ ತೆಳು, ನಾನು 0.4 ಮಿ.ಮೀ. ಇಟ್ಟೆ. ಕಣ್ಣುಗುಡ್ಡೆ ಕೆತ್ತಲು ಹೋಗಲಿಲ್ಲ. ಮೇಲಿನ ರೆಪ್ಪೆಯ ಕೆಳಗೆ ಆಳವಾಗಿ ಒಂದು ಗೀರು ಎಳೆದೆ. ಬಣ್ಣ ಅಲ್ಲಿ ನಿಂತಾಗ ಕಣ್ಣು ತಾನಾಗಿ ಕಂಡಿತು. ಪರದೆಯ ಮೇಲೆ ರಾಕ್ಷಸನ ಹಾಗಿದ್ದ ಮುಖ ಅಂಗೈಯಲ್ಲಿ ಚಿಕ್ಕಪ್ಪನದಾಯಿತು.

ಇನ್ನೊಂದು ಎಡವಟ್ಟು: ಮನೆಯ ಜೀಪಿಗೆ ದೊಡ್ಡ ಟೈರು, ಬಂಪರ್ ಎತ್ತರ. ಕಿಟ್ ಜೀಪಿನಲ್ಲಿ ಕಾಲು ಗಾಳಿಯಲ್ಲಿ ತೇಲಿತು. ವರ್ನಿಯರಿನಲ್ಲಿ ಅಳೆದು, ಮಂಡಿಯ ಹತ್ತಿರ ಕತ್ತರಿಸಿ ಕಾಲು ಇಳಿಸಿದೆ. ಹೇಗೂ ಲುಂಗಿಯ ಕೆಳಗೆ ಹೊಲಿಗೆ ಕಾಣಲ್ಲ, ಅಲ್ವಾ!

ಪ್ರಿಂಟ್ ಮಾಡುವಾಗ ಬೊಂಬೆಯನ್ನು ಹಿಂದಕ್ಕೆ ವಾಲಿಸಿ, ಆಸರೆ ಕಡ್ಡಿಗಳೆಲ್ಲ ಬೆನ್ನ ಕಡೆ ಬರುವಂತೆ ಇಟ್ಟೆ. ಮಳೆಗಾಲದ ಚಳಿಗೆ ರೆಸಿನ್ ಮಂದವಾಗಿ ಒಂದು ಸಲ ಬೊಂಬೆಯ ಕೈ ಮುರಿದುಬಂತು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮತ್ತೆ ಮಾಡಿದೆ. ಗ್ಲೌಸ್ ಇಲ್ಲದೆ ಮಾತ್ರ ಮುಟ್ಟಬೇಡಿ.

ಬಣ್ಣ ಒಣಗಿದ ಮೇಲೆ ತೋರಿಸಿದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. "ಎಲ್ಲ ಸರಿ ಕಣೋ, ಹೊಟ್ಟೆ ಯಾಕೆ ಇಷ್ಟು ದಪ್ಪ ಮಾಡಿದೀಯ?"

ನಾನು ಕೈ ಹಚ್ಚದೆ ಬಿಟ್ಟಿದ್ದು ಅದೊಂದನ್ನೇ.