ಕಾಡಿನೊಳಗೆ ಡಬ್ಬಿ ಇಡದೆ ಕ್ಯಾಶ್ ಮಾಡಿದ್ದು

ಜಿಯೋಕ್ಯಾಶಿಂಗ್ ಅಂದರೆ ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು (ಅದೇ ಕ್ಯಾಶ್) ಇನ್ನೊಬ್ಬರು ಜಿಪಿಎಸ್ ಹಿಡಿದು ಹುಡುಕುವ ಆಟ. ಲಂಡನ್ ಪಕ್ಕದ ಎಪ್ಪಿಂಗ್ ಫಾರೆಸ್ಟ್‌ನಲ್ಲಿ ಮಲ್ಟಿ, ಅಂದರೆ ಹಲವು ಸ್ಟೇಜ್ ದಾಟಿ ಕೊನೆಯ ಡಬ್ಬಿ ಸಿಗುವ ಕ್ಯಾಶ್, ಮಾಡ್ತೀನಿ, ಆದರೆ ಕಾಡಿನೊಳಗೆ ಒಂದೂ ಡಬ್ಬಿ ಇಡಲ್ಲ ಅಂದಾಗ ನಮ್ಮ ಗುಂಪಿನವರು ನಕ್ಕಿದ್ದರು. "ಡಬ್ಬಿ ಇಲ್ಲದ ಕಾಡಿಗೆ ಯಾರು ಬರ್ತಾರೆ ಮಾರಾಯ?" ಅಂದರು. ಎರಡು ವರ್ಷದ ಮೇಲಾಯಿತು. ಹುಡುಕಿದವರು ಬರೆಯುವ ಲಾಗ್ ನೂರು ದಾಟಿದೆ, ಮೆಚ್ಚಿದವರು ಕೊಡುವ ಫೇವರಿಟ್ ಪಾಯಿಂಟ್ ಅರವತ್ತರ ಆಸುಪಾಸು. ನನ್ನ ಬೇರೆ ಕ್ಯಾಶ್‌ಗಳಿಗೆಲ್ಲ ಸೇರಿಸಿದರೂ ಅಷ್ಟಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಇದೇ ದಾರಿ ಹಿಡಿದಿದ್ದಾರೆ.

ಇದಕ್ಕೂ ಮುಂಚೆ ಎಸೆಕ್ಸ್‌ನ ಇನ್ನೊಂದು ಹಳೇ ಕಾಡಿನಲ್ಲಿ, ಅನುಮತಿ ಪಡೆದೇ, ಎಲ್ಲರ ಹಾಗೆ ಡಬ್ಬಿ ಇಟ್ಟಿದ್ದೆ. ಕ್ಲಿಪ್ ಮುಚ್ಚಳದ ಡಬ್ಬಿಗಳ ಮೂಲೆಯನ್ನು ಬೂದು ಅಳಿಲು ಕಡಿದು ಹಾಕಿತು. ಆ ತೂತಿನಿಂದ ಮಳೆನೀರು, ನೀರಿನ ಹಿಂದೆ ಚಿಪ್ಪಿಲ್ಲದ ಬಸವನಹುಳು. ಅದು ಕಾಗದ ತಿನ್ನುವುದನ್ನು ನೋಡಿದ್ದೀರಾ? ಮೇಲಿನ ಪದರವನ್ನಷ್ಟೇ ಕೆರೆಯುತ್ತಾ ಹೋಗುತ್ತದೆ. ಹೆಸರು, ತಾರೀಖು ಎಲ್ಲ ಮಾಯ. ಅಂಚು ಜರಡಿಯ ಹಾಗೆ ತೂತು ತೂತು. ವಾಟರ್‌ಪ್ರೂಫ್ ಲಾಗ್‌ಬುಕ್ ತಂದೆ, ಒಂದಕ್ಕೆ 6-7 ಪೌಂಡ್. ಸೇನೆಯ ಹಳೇ ಸಾಮಾನಿನ ಅಂಗಡಿಯಿಂದ 15 ಪೌಂಡ್ ಕೊಟ್ಟು ಆಮ್ಮೋ ಕ್ಯಾನ್ (ಗುಂಡು ತುಂಬುವ ಲೋಹದ ಪೆಟ್ಟಿಗೆ) ತಂದೆ. ಒಂದೇ ತಿಂಗಳಲ್ಲಿ ಯಾರೋ ಎತ್ತಿಕೊಂಡು ಹೋದರು. ಒಟ್ಟು 90 ಪೌಂಡ್ ಹತ್ತಿರ ಹೋಯಿತು ಅಂತ ಲೆಕ್ಕ.

ದುಡ್ಡಿಗಿಂತ ಜಾಸ್ತಿ ಬೇಜಾರು ತಂದದ್ದು ಬೇರೆ. ಬೇಸಿಗೆಯಲ್ಲಿ ಬೀಚ್ ಮರದ ಎಲೆಯ ಕೆಳಗೆ ಜಿಪಿಎಸ್ 10-15 ಮೀಟರ್ ಅತ್ತಿತ್ತ ಕುಣಿಯುತ್ತದೆ. ಹುಡುಕುವವರು ಆ ಸುತ್ತಳತೆಯಲ್ಲಿ ಬಿದ್ದ ದಿಮ್ಮಿಗಳನ್ನೆಲ್ಲ ಮಗುಚಿ ನೋಡಿಯೇ ಡಿಎನ್‌ಎಫ್ ("ಸಿಗಲಿಲ್ಲ" ಅನ್ನುವ ಲಾಗ್) ಹಾಕುವುದು. ಸ್ಟ್ಯಾಗ್ ಬೀಟಲ್‌ನ ಮರಿಹುಳು ಇಂಥ ಕೊಳೆತ ಮರ ತಿಂದುಕೊಂಡು ನೆಲದೊಳಗೆ 3ರಿಂದ 7 ವರ್ಷ ಇರುತ್ತದೆ. ದುಂಬಿಯಾಗಿ ಹೊರಬಂದ ಮೇಲೆ ಬದುಕುವುದು ಕೆಲವೇ ವಾರ. ಇನ್ನು ಪೊಟರೆಗೆ ಕೈ ಹಾಕುವವರ ಕಥೆ ಕೇಳಬೇಡಿ. ಅಲ್ಲಿ ಬಾವಲಿ ಇದ್ದರೆ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಕೆಣಕುವುದು ಅಪರಾಧ.

ಅದಕ್ಕೇ ಎಪ್ಪಿಂಗ್‌ನಲ್ಲಿ ಕಾಡಿನೊಳಗಿನ ಸ್ಟೇಜ್ ಎಲ್ಲ ವರ್ಚುವಲ್. ನೋಡಬೇಕು, ಉತ್ತರ ಬರೆದುಕೊಳ್ಳಬೇಕು, ಮುಂದೆ ಹೋಗಬೇಕು, ಅಷ್ಟೇ. ಡಬ್ಬಿಗಳ ನಡುವೆ 161 ಮೀಟರ್ ಅಂತರ ಇರಬೇಕು ಅನ್ನುವ ತಲೆನೋವೂ ಇದಕ್ಕೆ ಇಲ್ಲ. ಲೌಟನ್ ಸ್ಟೇಷನ್ನಿನಿಂದ ಹೊರಟು, ಲೌಟನ್ ಕ್ಯಾಂಪ್, ಆ್ಯಂಬ್ರೆಸ್‌ಬರಿ ಬ್ಯಾಂಕ್ಸ್ ಅನ್ನುವ ಎರಡು ಹಳೇ ಮಣ್ಣಿನ ಕೋಟೆ ದಾಟಿ ಎಪ್ಪಿಂಗ್ ಕಡೆ ಮುಗಿಯುತ್ತದೆ. 8 ಕಿಲೋಮೀಟರ್ ಹತ್ತಿರ. ಎರಡೂ ತುದಿಗೆ ಸೆಂಟ್ರಲ್ ಲೈನ್ ರೈಲು ಇರುವುದರಿಂದ ಕಾರು ಬೇಕಿಲ್ಲ.

ಪ್ರಶ್ನೆ ಕಟ್ಟುವುದೇ ಕಷ್ಟ. ಮೊದಲು "ಈ ಹಾರ್ನ್‌ಬೀಮ್ ಮರದ ತಲೆಯಿಂದ ಎಷ್ಟು ಕೊಂಬೆ ಎದ್ದಿವೆ?" ಅಂತ ಕೇಳಿದ್ದೆ. ಒಬ್ಬರು 7 ಅಂದರು, ಇನ್ನೊಬ್ಬರು 9. ಇಬ್ಬರೂ ಸರಿಯೇ! ಹಿಂದೆ ಊರಿನವರು ಸೌದೆಗಾಗಿ ದನ, ಜಿಂಕೆಗೆ ಎಟುಕದ ಎತ್ತರದಲ್ಲಿ ಈ ಮರಗಳ ತಲೆ ಸವರುತ್ತಿದ್ದರು. 1878ರ ಎಪ್ಪಿಂಗ್ ಫಾರೆಸ್ಟ್ ಕಾಯ್ದೆ ಬಂದ ಮೇಲೆ ಅದು ನಿಂತಿತು. ಸೌದೆ ಕಡಿಯುವ ಹಕ್ಕು ಹೋದದ್ದಕ್ಕೆ ಪರಿಹಾರವಾಗಿ ಲೌಟನ್‌ಗೆ ಸಿಕ್ಕಿದ್ದೇ 1884ರ ಲಾಪಿಂಗ್ ಹಾಲ್ ಅನ್ನುವ ಸಭಾಭವನ. ಅಂದಿನಿಂದ ಕೊಂಬೆಗಳು ದಪ್ಪವಾಗುತ್ತಾ ಒಂದಕ್ಕೊಂದು ಕೂಡಿಕೊಂಡಿವೆ. ಎಣಿಸುವುದು ಹೇಗೆ? ಆಮೇಲೆ ಫಲಕದ ಅಕ್ಷರ ಎಣಿಸುವ ಪ್ರಶ್ನೆ ಹಾಕಿದೆ. ಫಲಕವನ್ನೇ ಬದಲಾಯಿಸಿದರು.

ಈಗ ಕೇಳುವುದೆಲ್ಲ ಎರಡರಲ್ಲಿ ಒಂದು ಆರಿಸುವ ಪ್ರಶ್ನೆ, ಅದೂ ಅಲ್ಲಾಡದ ವಸ್ತುಗಳ ಮೇಲೆ. ಕಬ್ಬಿಣ ಯುಗದ ಆ ಮಣ್ಣಿನ ಕೋಟೆಗಳಲ್ಲಿ ಕಂದಕ ದಿಬ್ಬದ ಒಳಗಿದೆಯೋ ಹೊರಗೋ, ಇಂಥವು. ಎರಡು ಸಾವಿರ ವರ್ಷ ಅಲ್ಲಾಡದ್ದು ನನ್ನ ಕ್ಯಾಶ್ ಇರುವಷ್ಟು ದಿನ ಇರುತ್ತದೆ ಅಲ್ವಾ. ಉತ್ತರಗಳನ್ನು ಲೆಕ್ಕಕ್ಕೆ ಹಾಕಿದರೆ ಫೈನಲ್ ಡಬ್ಬಿಯ ಕೋಆರ್ಡಿನೇಟ್ (ಜಿಪಿಎಸ್ ಸ್ಥಾನ) ಸಿಗುತ್ತದೆ. ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಕಾನಾಟ್ ವಾಟರ್ ಕೆರೆಯ ನಡುವೆ ಹೋಗಿ ಬೀಳುತ್ತವೆ. ನೋಡಿದ ತಕ್ಷಣ ಗೊತ್ತಾಗುತ್ತದೆ. ಆ ಲೆಕ್ಕ ಕೂರಿಸಿದ್ದು ಹೇಗೆ ಅಂತ ಮಾತ್ರ ಹೇಳಲ್ಲ.

ಸ್ಟೇಜ್‌ಗಳ ಕೋಆರ್ಡಿನೇಟ್ ತೆಗೆದದ್ದು ಜನವರಿ-ಫೆಬ್ರವರಿಯಲ್ಲಿ, ಎಲೆ ಇಲ್ಲದಾಗ, ಬೇರೆ ಬೇರೆ ದಿನದ ಸರಾಸರಿ. ಹೋಲಿ ಪೊದೆಯ ಪಕ್ಕ ಮಾತ್ರ ನಿಲ್ಲಬೇಡಿ, ಅದಕ್ಕೆ ಚಳಿಗಾಲದಲ್ಲೂ ಎಲೆ.

ಫೈನಲ್ ಡಬ್ಬಿ ಕಾಡಿನ ಹೊರಗೆ, ಕುದುರೆ ಸಾಕುವ ಒಬ್ಬ ಅಜ್ಜಿಯ ಬೇಲಿ ಕಂಬದಲ್ಲಿದೆ. ಕೇಳಿದಾಗ "ಗೇಟು ಮುಚ್ಚಿಕೊಂಡು ಹೋದರೆ ಸಾಕಪ್ಪ" ಅಂದರು. ಕಂಬದಲ್ಲಿ ಎಲ್ಲಿ ಅನ್ನುವುದು ಬಂದವರಿಗೇ ಬಿಟ್ಟದ್ದು. ಗೇಟಿನ ಪಕ್ಕ ಅವರು ಮೊಟ್ಟೆ ಇಟ್ಟಿರುತ್ತಾರೆ. ದುಡ್ಡು ಡಬ್ಬಕ್ಕೆ ಹಾಕಿ ತಗೊಂಡು ಹೋಗುವುದು. ಭಾನುವಾರ ಮಧ್ಯಾಹ್ನದೊಳಗೆ ಖಾಲಿಯಂತೆ.

ಮಧ್ಯೆ ಮನೆಯ ಹಿತ್ತಲಲ್ಲಿ ಇನ್ನೊಂದು ಹುಚ್ಚಾಟ ನಡೆಸಿದೆ. ಅಳಿಲು ಯಾವ ಡಬ್ಬಿ ಕಡಿಯುತ್ತದೆ ನೋಡೋಣ ಅಂತ ಮೂರು ತರ ಇಟ್ಟೆ. ಅದರಲ್ಲೊಂದು ಖಾಲಿ ಇಂಗಿನ ಡಬ್ಬಿ. ಉಳಿದೆರಡಕ್ಕೆ ಹಲ್ಲು ಬಿತ್ತು. ಇಂಗಿನ ಡಬ್ಬಿಯನ್ನು ಮೂಸಿಯೂ ನೋಡಲಿಲ್ಲ. ಖುಷಿಯಾಗಿ ಅದನ್ನೇ ಪೇಟೆಯ ಮೈಕ್ರೋ (ಪುಟ್ಟ ಕ್ಯಾಶ್) ಒಂದಕ್ಕೆ ಹಾಕಿದೆ. "ಲಾಗ್ ಯಾಕೋ ಸಾರಿನ ವಾಸನೆ ಬರುತ್ತೆ" ಅಂತ ದೂರು ಬಂತು. ತೆಗೆದೆ.

ಮುಂದಿನದು ಹ್ಯಾಟ್‌ಫೀಲ್ಡ್ ಫಾರೆಸ್ಟ್. ಜನವರಿಯಲ್ಲಿ ಅಳತೆಗೆ ಹೋಗುತ್ತೇನೆ. ಬರುವವರು ಹೇಳಿ. ಬೂಟು ನಿಮ್ಮದು, ಚಿತ್ರಾನ್ನ ನನ್ನದು.