ಇದು ಹಾಲಿನ ಫ್ಯಾಟ್ ಅಲ್ಲ

ಪಾವಗಡದ ಕಡೆಯ ಊರು ನಮ್ಮದು. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸುತ್ತಾರಲ್ಲ, ಅವರಲ್ಲಿ ನಾನೂ ಒಬ್ಬಳು. ಶಾಲೆ ಹತ್ತಿರದ ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೂ ಕಳಿಸಿದ್ದೆವು. ಫಲಿತಾಂಶ ಆನ್‌ಲೈನ್‌ನಲ್ಲಿ ಬಂತು: ಫ್ಲೋರೈಡ್, ಲೀಟರ್‌ಗೆ 2.4 ಮಿಲಿಗ್ರಾಂ. ಪಕ್ಕದಲ್ಲಿ ಕೆಂಪು ಗುರುತು.

ಅದರ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ ಸುಮ್ಮನಾದೆ. ಮರುದಿನ ಡೈರಿಯಲ್ಲಿ ಕ್ಯಾನ್ ಹಿಡಿದು ನಿಂತಿದ್ದಾಗ ಹಿಂದಿನವರು ಕೇಳಿದರು, “2.4 ಕಡಿಮೆ ಆಯ್ತಲ್ವಾ? 3.5 ಆದರೂ ಬರಬೇಕಿತ್ತು.” ಹಾಲಿನ ಫ್ಯಾಟ್ ಲೆಕ್ಕದಲ್ಲಿ ಓದಿದ್ದರು! ನಗು ಬಂತು. ಆಮೇಲೆ ಗಾಬರಿಯಾಯಿತು.

ಇನ್ನೊಂದು ಮನೆಯವರು ಕೆಂಪು ನೋಡಿ ಹೆದರಿ, ಅದೇ ನೀರನ್ನು ಕುದಿಸಿ ಕುದಿಸಿ ಕುಡಿಯುತ್ತಿದ್ದರು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಉಳಿದದ್ದರಲ್ಲಿ ಅದು ಜಾಸ್ತಿಯೇ ಆಗುತ್ತದೆ. ಅವರದ್ದೇನು ತಪ್ಪು? ಭೇದಿ ಶುರುವಾದಾಗೆಲ್ಲ ‘ಕುದಿಸಿ ಕುಡಿಯಿರಿ’ ಅಂತ ಮನೆಮನೆಗೆ ಹೇಳಿದವರು ನಾವೇ.

ಬಣ್ಣದ್ದು ಇನ್ನೊಂದು ಫಜೀತಿ. ನಮ್ಮ ಕಿಟ್‌ನಲ್ಲಿ ನೀರಿಗೆ ಔಷಧದ ಹನಿ ಹಾಕಿದರೆ ಗುಲಾಬಿ ಬಣ್ಣ ಉಳಿದರೆ ಒಳ್ಳೇದು. ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಆನ್‌ಲೈನ್ ಪಟ್ಟಿಯಲ್ಲಿ ಕೆಂಪು ಅಂದರೆ ಅಪಾಯ. ಎರಡನ್ನೂ ನೋಡಿದವರಿಗೆ ತಲೆ ಕೆಡದೆ ಇರುತ್ತದಾ?

ಫೋಟೋ ಅಳಿಸಿ ಬೇರೆ ಬರೆದೆ. ಅಂಕಿ ಕೊನೆಗೆ, ಮಾಡಬೇಕಾದ್ದು ಮೊದಲಿಗೆ. “ಶಾಲೆ ಹತ್ತಿರದ ಬೋರ್‌ವೆಲ್ ನೀರು ಕುಡಿಯೋಕೆ, ಅಡುಗೆಗೆ ಬೇಡ. ಸ್ನಾನ, ಬಟ್ಟೆಗೆ ಬಳಸಬಹುದು. ಕುದಿಸಿದರೂ ಸರಿಹೋಗಲ್ಲ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ತನ್ನಿ. ಫ್ಲೋರೈಡ್ 1ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಇಲ್ಲಿ 2.4 ಇದೆ. ಇದು ಹಾಲಿನ ಫ್ಯಾಟ್ ಅಲ್ಲ.” ಓದು ಬರದವರಿಗೆ ಅದನ್ನೇ ಮಾತಿನಲ್ಲೂ ಹೇಳಿ ಕಳಿಸಿದೆ.

ಒಬ್ಬ ಅಜ್ಜ ಕೇಳಿದರು, “ಇಷ್ಟು ವರ್ಷ ಕುಡಿದಿದ್ದೀವಿ, ಏನಾಯ್ತು?” ಹೆದರಿಸೋಕೆ ಮನಸ್ಸಾಗಲಿಲ್ಲ. ಒಂದು ಲೋಟಕ್ಕೆ ಏನೂ ಆಗಲ್ಲ, ವರ್ಷಗಟ್ಟಲೆ ಕುಡಿದರೆ ಮೂಳೆಯಲ್ಲಿ ಸೇರುತ್ತಾ ಹೋಗಿ ಕೀಲು ಬಿಗಿಯುತ್ತದೆ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ ಅಂದೆ. ಅಜ್ಜ ಮಾತಾಡದೆ ಮೊಮ್ಮಗಳ ಬಾಯಿ ತೆಗೆಸಿ ನೋಡಿದರು.

ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಅನ್ನೋ ವಿಷ ಇರುವ ಕೊಳವೆಬಾವಿಗಳಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದಿದ್ದರು. ನಾವೂ ಬೋರ್‌ವೆಲ್ ಪೈಪಿಗೆ ಕೆಂಪು ಬಳಿದೆವು. ಮೇಲೆ ಲೋಟದ ಚಿತ್ರ ಬರೆದು ಅಡ್ಡಗೀಟು ಹಾಕಿದೆವು. ಬೋರ್‌ವೆಲ್ ಹತ್ತಿರ ನಿಂತು ಮೊಬೈಲ್ ತೆಗೆದು ಯಾರು ನೋಡ್ತಾರೆ?

ಮಳೆಗಾಲ ಮುಗಿದ ಮೇಲೆ ಮತ್ತೆ ಪರೀಕ್ಷೆ ಇದೆ. ಬಣ್ಣದ ಡಬ್ಬಿ ಅರ್ಧ ಉಳಿದಿದೆ, ಎತ್ತಿಟ್ಟಿದ್ದೇನೆ.